ಒದ್ದೆ ಜಡೆಯ ಮುಂಜಾವು: ಕೂದಲು ಒಣಗಿಸುವ ದಾರಿ ಯಾವುದು?

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ನಂದಿ, ಸ್ಕಂದಗಿರಿ, ಕೈವಾರ, ಅಂಬಾಜಿದುರ್ಗದ ತಪ್ಪಲಿನ ಊರುಗಳಲ್ಲಿ ಮಂಜು ಹೊತ್ತೇರುವವರೆಗೂ ಕರಗುವುದಿಲ್ಲ. ಆ ಮಂಜಿನಲ್ಲಿ ಬಸ್ಸಿಗಾಗಿ ಕಾದು ನಿಂತ ಹೆಣ್ಣುಮಕ್ಕಳನ್ನು ಒಮ್ಮೆ ಗಮನಿಸಿ. ಬಿಗಿಯಾಗಿ ಹೆಣೆದ ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನ್ನು, ಬೆನ್ನಿನ ಮೇಲೆ ಸಮವಸ್ತ್ರ ತೊಯ್ದ ಗುರುತು. ಐದು ಗಂಟೆಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನೇ ಹೆಣೆದುಕೊಂಡು ಹೊರಟವರು ಅವರು. ಆ ಜಡೆ ಮತ್ತೆ ಬಿಚ್ಚುವುದು ಸಂಜೆ ಮನೆಗೆ ಬಂದ ಮೇಲೆ. ಬಿಚ್ಚಿದಾಗಲೂ ಒಳಗೆ ಇನ್ನೂ ತೇವವಿರುತ್ತದೆ, ಮುಗ್ಗಲು ವಾಸನೆಯಿರುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ತಂಗಿಯ ಮಗಳು ನನ್ನೆದುರು ಕುಳಿತು ಬಾಚಣಿಗೆಯಲ್ಲಿ ಸಿಕ್ಕ ತುಂಡು ಕೂದಲನ್ನು ತೋರಿಸಿದಳು. ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ. "ದೊಡ್ಡಮ್ಮ, ಬುಡದಿಂದ ಉದುರಿದ್ದಲ್ಲ ಇದು, ನಡುವೆ ಮುರಿದದ್ದು. ಎರಡು ವರ್ಷದಿಂದ ಜಡೆ ಒಂದಂಗುಲವೂ ಉದ್ದ ಆಗಿಲ್ಲ. ಹಾಸ್ಟೆಲಿನ ಹುಡುಗಿಯರೆಲ್ಲ ಬಿಸಿಗಾಳಿ ಯಂತ್ರ ತಗೊಂಡಿದ್ದಾರೆ. ನಾನೂ ಒಂದು ತಗೊಳ್ಳಲೋ, ಇಲ್ಲ ಕೂದಲನ್ನೇ ಕತ್ತರಿಸಿಬಿಡಲೋ?" ಎಂದು ಕೇಳಿದಳು.

ಪರಿಸರದ ಪತ್ರಿಕೆಯಲ್ಲಿ ಕೂದಲಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನೀರು, ಸೌದೆ, ವಿದ್ಯುತ್ತು, ಮರ, ಹೆಣ್ಣುಮಕ್ಕಳ ಹೊತ್ತು, ಈ ಐದೂ ಕೂಡುವ ಜಾಗ ನಮ್ಮ ಬಚ್ಚಲುಮನೆ. ಅಲ್ಲಿ ನಾವು ಮಾಡುವ ಆಯ್ಕೆಗಳು ಬೆಟ್ಟದವರೆಗೂ ಹೋಗಿ ಮುಟ್ಟುತ್ತವೆ. ಆದ್ದರಿಂದ ಆ ಹುಡುಗಿಗೆ ಅಂದು ಅರ್ಧಂಬರ್ಧ ಹೇಳಿದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಉದ್ದ ಬರುವುದು ಬುಡದಿಂದ, ಉಳಿಯುವುದು ತುದಿಯಲ್ಲಿ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಯಾವ ಬಗೆಯಲ್ಲಿ ಒಣಗಿಸಿದರೂ ಕೂದಲು ಹೆಚ್ಚು ವೇಗವಾಗಿ ಬೆಳೆಯುವುದಿಲ್ಲ. ಕೂದಲು ಬೆಳೆಯುವುದು ನೆತ್ತಿಯ ಚರ್ಮದೊಳಗಿನ ಬುಡದಲ್ಲಿ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಚರ್ಮದಿಂದ ಹೊರಬಂದ ಎಳೆಗೆ ಜೀವವಿಲ್ಲ. ಅದಕ್ಕೆ ಗಾಯವಾದರೆ ಮಾಯುವುದೂ ಇಲ್ಲ. ಸೊಂಟದವರೆಗೆ ಇಳಿದ ಜಡೆಯ ತುದಿ ಐದಾರು ವರ್ಷಗಳ ಹಿಂದೆ ಹುಟ್ಟಿದ್ದು. ಅಷ್ಟು ವರ್ಷಗಳ ಬಿಸಿಲು, ಧೂಳು, ಬಾಚಣಿಗೆ, ಬಿಸಿನೀರು, ತಿಕ್ಕಾಟ ಎಲ್ಲವನ್ನೂ ಅದು ತಾಳಿಕೊಂಡು ಬಂದಿರುತ್ತದೆ. ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿಯುತ್ತಿದ್ದರೆ ಜಡೆ ಇದ್ದಷ್ಟೇ ಇರುತ್ತದೆ. ನನ್ನ ತಂಗಿಯ ಮಗಳಿಗೆ ಆಗಿದ್ದುದು ಇದೇ.

ಹಾಗಾಗಿ ಒಣಗಿಸುವ ಕ್ರಮದಿಂದ ನಾವು ಪಡೆಯಬಹುದಾದದ್ದು ಒಂದೇ: ಬೆಳೆದದ್ದನ್ನು ಉಳಿಸಿಕೊಳ್ಳುವುದು. ಕೆರೆಗೆ ಹೊಸ ನೀರು ತರುವುದು ಮಳೆಯ ಕೆಲಸ. ಬಂದ ನೀರು ಸೋರಿಹೋಗದಂತೆ ಏರಿ ಕಾಯುವುದು ಊರಿನ ಕೆಲಸ. ಇದೂ ಅಷ್ಟೇ.

ಕೂದಲಿನ ಹೊರಮೈ ನಮ್ಮ ನಾಡಹೆಂಚಿನ ಸೂರಿನಂತೆ ಇರುತ್ತದೆ. ಸಣ್ಣ ಸಣ್ಣ ಹುರುಪೆಗಳು ಒಂದರ ಮೇಲೊಂದು ಹೊದ್ದು, ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಒಣಗಿದ್ದಾಗ ಅವು ಒತ್ತಾಗಿ ಮಲಗಿರುತ್ತವೆ. ನೀರು ಕುಡಿದಾಗ ಕೂದಲು ದಪ್ಪವಾಗುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಅದು ಒಳಗೆ ಹೀರಬಲ್ಲದು. ಆಗ ಹೆಂಚುಗಳು ಎದ್ದು ನಿಲ್ಲುತ್ತವೆ. ಒಳಗಿನ ಕೆರಾಟಿನ್ ಎಂಬ ಪ್ರೋಟೀನನ್ನು ಬಿಗಿಹಿಡಿದ ಜಲಜನಕದ ಬಂಧಗಳು ಸಡಿಲಾಗುತ್ತವೆ. ಅಂಥ ಕೂದಲನ್ನು ಎಳೆದರೆ ರಬ್ಬರಿನಂತೆ ಹಿಗ್ಗಿ, ಪೂರ್ತಿ ಹಿಂದಕ್ಕೆ ಬರಲಾರದೆ ಸೀಳುತ್ತದೆ. ಒದ್ದೆ ತಲೆಯನ್ನು ಬಾಚಬಾರದು ಎಂದು ಅಜ್ಜಿಯರು ಹೇಳುತ್ತಿದ್ದುದಕ್ಕೆ ಕಾರಣ ಇಲ್ಲಿದೆ.

ಶಿಡ್ಲಘಟ್ಟ ಬಲ್ಲ ಪಾಠ

ಈ ಮಾತು ನಮ್ಮ ಸೀಮೆಯವರಿಗೆ ಹೊಸದಾಗಬೇಕಿಲ್ಲ. ರೇಷ್ಮೆಯೂ ಕೂದಲೂ ದಾಯಾದಿಗಳು. ಎರಡೂ ಜೀವಿ ಕೊಟ್ಟ ಪ್ರೋಟೀನಿನ ಎಳೆಗಳು. ಒಂದು ಹುಳು ಉಗುಳಿದ್ದು, ಇನ್ನೊಂದು ನಮ್ಮ ಚರ್ಮ ಹೆಣೆದದ್ದು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರನ್ನು ಕೇಳಿ ನೋಡಿ. ಗೂಡನ್ನು ಬೇಯಿಸುವ ನೀರಿನ ಹದ ಎಷ್ಟು ಸೂಕ್ಷ್ಮವೆಂದು ಅವರು ಹೇಳುತ್ತಾರೆ. ಗೂಡಿನ ಎಳೆಯ ತೂಕದ ಸುಮಾರು ಕಾಲು ಭಾಗದಷ್ಟಿರುವ ಅಂಟು ಮೆತ್ತಗಾಗುವಷ್ಟು ಮಾತ್ರ ಬೇಯಬೇಕು. ಕಡಿಮೆಯಾದರೆ ಎಳೆ ಬಿಚ್ಚದೆ ತುಂಡಾಗುತ್ತದೆ, ಹೆಚ್ಚಾದರೆ ಗೂಡು ಕರಗಿ ಜೂಟು ಹೆಚ್ಚುತ್ತದೆ. ಶಾಖ ಎಂಬುದು ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲ. ಎಷ್ಟು, ಎಷ್ಟು ಹೊತ್ತು, ಯಾವ ಸ್ಥಿತಿಯ ಎಳೆಗೆ ಎಂಬುದೇ ಪ್ರಶ್ನೆ.

ಮದುವೆಯ ರೇಷ್ಮೆ ಸೀರೆಯನ್ನು ನೆನೆದಾಗ ನಾವು ಏನು ಮಾಡುತ್ತೇವೆ? ಹಿಂಡುವುದಿಲ್ಲ, ಬಂಡೆಗೆ ಬಡಿಯುವುದಿಲ್ಲ, ಸುಡುಬಿಸಿಲಿಗೆ ಹರವುವುದಿಲ್ಲ. ದಪ್ಪ ಬಟ್ಟೆಯ ಮೇಲೆ ಹಾಸಿ ನೀರನ್ನು ಒತ್ತಿ ತೆಗೆದು, ಗಾಳಿಯಾಡುವ ನೆರಳಿನಲ್ಲಿ ಬಿಡುತ್ತೇವೆ. ಆರು ಗಜದ ಸೀರೆಗೆ ತೋರುವ ಈ ಅಕ್ಕರೆಯನ್ನು ತಲೆಯ ಮೇಲಿನ ರೇಷ್ಮೆಗೆ ತೋರಲು ನಮಗೇಕೆ ಪುರುಸೊತ್ತಿಲ್ಲ?

ಬಿಸಿಗಾಳಿ ಯಂತ್ರವನ್ನು ಬೈಯುವ ಮೊದಲು

ನಮ್ಮಂಥ ಪತ್ರಿಕೆಗಳಲ್ಲಿ ಒಂದು ಅಭ್ಯಾಸವಿದೆ. ಯಂತ್ರವೆಂದರೆ ಕೆಟ್ಟದ್ದು, ಹಳೆಯದೆಂದರೆ ಒಳ್ಳೆಯದು ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟುಬಿಡುವುದು. ಈ ವಿಷಯದಲ್ಲಿ ಹಾಗೆ ಮಾಡಿದರೆ ನಾವು ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ.

2011ರಲ್ಲಿ ಕೊರಿಯಾದ ಚರ್ಮರೋಗ ಸಂಶೋಧಕರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಕೂದಲಿನ ಗೊಂಚಲುಗಳನ್ನು ತೊಳೆದು ಬೇರೆ ಬೇರೆ ಬಗೆಯಲ್ಲಿ ಮೂವತ್ತು ಬಾರಿ ಒಣಗಿಸಿದರು. ಕೆಲವನ್ನು ತಾವಾಗಿಯೇ ಆರಲು ಬಿಟ್ಟರು. ಇನ್ನು ಕೆಲವಕ್ಕೆ ಯಂತ್ರವನ್ನು 15, 10 ಮತ್ತು 5 ಸೆಂಟಿಮೀಟರ್ ದೂರದಲ್ಲಿ ಹಿಡಿದರು. ಆಗ ಕೂದಲಿಗೆ ತಗುಲಿದ ಶಾಖ ಕ್ರಮವಾಗಿ ಸುಮಾರು 47, 61 ಮತ್ತು 95 ಡಿಗ್ರಿ ಸೆಲ್ಸಿಯಸ್. ಶಾಖ ಹೆಚ್ಚಿದಂತೆ ಹೊರಮೈಯ ಹುರುಪೆಗಳು ಹೆಚ್ಚು ಬಿರುಕು ಬಿಟ್ಟವು, ಇದು ನಿರೀಕ್ಷಿಸಿದ್ದೇ. ಆದರೆ ತಾವಾಗಿ ಆರಿದ ಕೂದಲುಗಳಲ್ಲಿ ಮಾತ್ರ, ಹುರುಪೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಒಳಪದರಕ್ಕೆ ಹಾನಿ ಕಂಡಿತು. ನೀರಿನ ಸಂಪರ್ಕ ಬಹಳ ಹೊತ್ತು ಇದ್ದುದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. 15 ಸೆಂಟಿಮೀಟರ್ ದೂರದಲ್ಲಿ, ಕೈಯನ್ನು ಆಡಿಸುತ್ತಾ ಯಂತ್ರ ಬಳಸಿದರೆ ತಾನಾಗಿ ಆರುವುದಕ್ಕಿಂತ ಹಾನಿ ಕಡಿಮೆ ಎಂಬುದು ಅವರ ಸಲಹೆಯಾಗಿತ್ತು.

ಇದು ಕತ್ತರಿಸಿದ ಕೂದಲಿನ ಮೇಲೆ ನಡೆದ ಒಂದು ಸಣ್ಣ ಅಧ್ಯಯನ. ಅದೊಂದರಿಂದಲೇ ಲೋಕನಿಯಮ ಮಾಡಲಾಗದು. ಆದರೆ ಅದು ಕಲಿಸುವ ಪಾಠ ದೊಡ್ಡದು: ಕೂದಲಿಗೆ ಶತ್ರುಗಳು ಎರಡು. ಒಂದು ಅತಿಯಾದ ಶಾಖ, ಇನ್ನೊಂದು ಅತಿ ದೀರ್ಘವಾದ ತೇವ. ಯಂತ್ರವನ್ನು ತಲೆಗೆ ಒತ್ತಿ ಹಿಡಿಯುವವರು ಮೊದಲನೆಯದಕ್ಕೆ ಬಲಿಯಾಗುತ್ತಾರೆ. ತೀರಾ ಬಿಸಿಯಾದಾಗ ಕೂದಲಿನೊಳಗಿನ ನೀರು ಆವಿಯಾಗಿ, ಎಳೆಯೊಳಗೇ ಗುಳ್ಳೆಗಳೆದ್ದು, ಅಲ್ಲಿಯೇ ಮುರಿಯುವುದನ್ನು ವೈದ್ಯರು ಗುರುತಿಸಿದ್ದಾರೆ. ಒದ್ದೆ ಜಡೆ ಹೆಣೆದು ಬಸ್ಸು ಹತ್ತುವ ನಮ್ಮ ಮಕ್ಕಳು ಎರಡನೆಯದಕ್ಕೆ ಬಲಿಯಾಗುತ್ತಿದ್ದಾರೆ. ಬಿಗಿ ಜಡೆಯೊಳಗೆ ಗಾಳಿಯಾಡದೆ ತೇವ ಗಂಟೆಗಟ್ಟಲೆ ನಿಂತರೆ ಎಳೆ ಮೆತ್ತಗಾಗುತ್ತದೆ, ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ, ಬಿಗಿದು ಕಟ್ಟಿದ ಬುಡಕ್ಕೆ ಎಳೆತ ಬೀಳುತ್ತದೆ.

ನಮ್ಮ ಹಳೆಯ ಪದ್ಧತಿಗಳೂ ಪರೀಕ್ಷೆಗೆ ಹೊರತಲ್ಲ. ಟವೆಲ್ಲನ್ನು ಹುರಿಮಾಡಿ ಬಗ್ಗಿದ ತಲೆಯ ಕೂದಲಿಗೆ ಪಟಪಟನೆ ಬಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ನೀರೇನೋ ಸಿಡಿಯುತ್ತದೆ, ಜೊತೆಗೆ ಎದ್ದು ನಿಂತ ಹೆಂಚುಗಳೂ ಸಿಡಿಯುತ್ತವೆ. ಸಾಂಬ್ರಾಣಿಯ ಹೊಗೆ ಹಿಡಿಯುವುದು ಬಾಣಂತಿಯ ಕೋಣೆಯಲ್ಲಿ ಹಿತವಾದ ನೆನಪು. ಕೆಂಡದ ಹದವಾದ ಬಿಸಿ ತೇವವನ್ನು ಓಡಿಸುತ್ತಿದ್ದುದೂ ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಹೊಗೆಯನ್ನು ಉಸಿರಾಡುವ ತಾಯಿಗೂ ಕೂಸಿಗೂ ಅದು ಒಳ್ಳೆಯದಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದು ಎಳೆಬಿಸಿಲಿನಲ್ಲಿ ಸರಿ. ನಡುಹಗಲಿನ ಬಿಸಿಲಿನ ನೇರಳಾತೀತ ಕಿರಣಗಳು ಕೂದಲಿನ ಪ್ರೋಟೀನನ್ನೂ ಬಣ್ಣವನ್ನೂ ಕೆಡಿಸುತ್ತವೆ.

ಲೆಕ್ಕ ಹಾಕಿ ನೋಡೋಣ

ಈಗ ಪರಿಸರದ ಲೆಕ್ಕಕ್ಕೆ ಬರೋಣ. 1500 ವಾಟ್ಸಿನ ಬಿಸಿಗಾಳಿ ಯಂತ್ರವನ್ನು ಹತ್ತು ನಿಮಿಷ ಬಳಸಿದರೆ ಕಾಲು ಯೂನಿಟ್ ವಿದ್ಯುತ್ ಬೇಕು. 9 ವಾಟ್ಸಿನ ಎಲ್‌ಇಡಿ ದೀಪವೊಂದು ಅಷ್ಟರಲ್ಲಿ 27 ಗಂಟೆ ಉರಿಯುತ್ತದೆ. ವಾರಕ್ಕೆರಡು ಬಾರಿಯಂತೆ ವರ್ಷಕ್ಕೆ ಸುಮಾರು 25 ಯೂನಿಟ್. ಗೃಹಜ್ಯೋತಿ ಯೋಜನೆ ಬಂದ 2023ರ ನಂತರ ಅನೇಕ ಮನೆಗಳಲ್ಲಿ ಇದು ಬಿಲ್ಲಿನಲ್ಲಿ ಕಾಣುವುದಿಲ್ಲ. ಬಿಲ್ಲಿನಲ್ಲಿ ಕಾಣದಿದ್ದರೂ ಎಲ್ಲೋ ಒಂದು ಕಡೆ ಕಲ್ಲಿದ್ದಲು ಉರಿದಿರುತ್ತದೆ ಅಥವಾ ಒಂದು ಕಣಿವೆ ಮುಳುಗಿರುತ್ತದೆ.

ಆದರೆ ಇದೇ ಪ್ರಾಮಾಣಿಕತೆಯಿಂದ ಇನ್ನೊಂದು ಲೆಕ್ಕವನ್ನೂ ಹಾಕಬೇಕು. 20 ಲೀಟರಿನ ಒಂದು ಬಕೆಟ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.7 ಯೂನಿಟ್ ಶಕ್ತಿ ಬೇಕು. ಅಂದರೆ ತಲೆ ಒಣಗಿಸುವ ಯಂತ್ರಕ್ಕಿಂತ ತಲೆಗೆ ಹಾಕುವ ಬಿಸಿನೀರೇ ಸುಮಾರು ಮೂರು ಪಟ್ಟು ದುಬಾರಿ. ಸೌದೆ ಒಲೆಯ ಹಂಡೆಯಲ್ಲಿ ಕಾಯಿಸಿದರೆ ಶಾಖದ ಬಹುಪಾಲು ಹೊಗೆಯೊಂದಿಗೆ ಹೋಗುವುದರಿಂದ ಖರ್ಚು ಇನ್ನೂ ಹೆಚ್ಚು. ಹಿಪ್ಪುನೇರಳೆಯ ಒಣಕಡ್ಡಿ ಉರಿಸುವ ರೇಷ್ಮೆ ಬೆಳೆಗಾರರ ಮನೆಯ ಮಾತು ಬೇರೆ. ಬೆಟ್ಟದಿಂದ ಹೊರೆ ಹೊತ್ತು ತರುವವರಿಗೆ ಅದು ಬೆನ್ನಿನ ಭಾರ, ಬೆಟ್ಟಕ್ಕೆ ಬೋಳು. ಆದ್ದರಿಂದ ಕಾಲೇಜಿನ ಹುಡುಗಿಯ ಕೈಯಲ್ಲಿನ ಯಂತ್ರವನ್ನು ಮಾತ್ರ ಗುರಿಯಾಗಿಸಿ ಬೈಯುವುದು ನ್ಯಾಯವಲ್ಲ. ಕುದಿಯುವ ನೀರನ್ನು ತಲೆಗೆ ಸುರಿದುಕೊಳ್ಳುವ ಗಂಡಸರೂ ಈ ಲೆಕ್ಕದಲ್ಲಿ ಬರುತ್ತಾರೆ. ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಸೌದೆಗೂ ಉಳಿತಾಯ, ನೆತ್ತಿಗೂ ಹಿತ.

ಇನ್ನು ನೀರು. ನಂದಿಯ ಸುತ್ತಿನ ಬೆಟ್ಟಗಳು ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿಗಳಿಗೆ ಜನ್ಮ ಕೊಟ್ಟವು. ಆದರೂ ಅವುಗಳ ಮಡಿಲಿನಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಗಡಸು ನೀರನ್ನೇ ನಾವು ತಲೆಗೆ ಹಾಕಿಕೊಳ್ಳುತ್ತಿದ್ದೇವೆ. ಆ ನೀರಿನ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಮೊಸರಿನಂತೆ ಒಡೆದು ಕೂದಲಿಗೆ ಅಂಟುತ್ತದೆ. ಒಣಗಿದ ಮೇಲೆ ಕೂದಲು ತೆಂಗಿನ ನಾರಿನಂತಾಗಿ ಸಿಕ್ಕುಗಟ್ಟುವುದಕ್ಕೆ ಇದೂ ಒಂದು ಕಾರಣ. ಹೆಂಚಿನ ಮೇಲಿನ ಮಳೆನೀರನ್ನು ಹಿಡಿದಿಟ್ಟ ಮನೆಯವರು ತಲೆಸ್ನಾನಕ್ಕೆ ಅದನ್ನು ಬಳಸಿ ನೋಡಲಿ. ಎರಡು ವಾರದಲ್ಲಿ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಶಾಶ್ವತ ನೀರಾವರಿಗಾಗಿ ಬೀದಿಗಿಳಿದ ಈ ಸೀಮೆಯ ಜನ ಮಳೆನೀರನ್ನು ಚರಂಡಿಗೆ ಬಿಡುವುದಾದರೂ ಹೇಗೆ?

ಹಾಗಾದರೆ ಯಾವ ದಾರಿ?

ನನ್ನ ಅಭಿಪ್ರಾಯ ಸ್ಪಷ್ಟ. ಮೊದಲು ಬಟ್ಟೆ, ಆಮೇಲೆ ಗಾಳಿ, ಅನಿವಾರ್ಯವಾದರೆ ಮಾತ್ರ ಶಾಖ. ಇದೇ ಕ್ರಮ ಕೂದಲಿಗೂ ಬೆಟ್ಟಕ್ಕೂ ಕ್ಷೇಮ.

ಬಟ್ಟೆ ಏಕೆ ಮೊದಲು? ಒಂದು ಲೀಟರ್ ನೀರನ್ನು ಆವಿಯಾಗಿಸಲು 0.6 ಯೂನಿಟ್‌ಗಿಂತ ಹೆಚ್ಚು ಶಕ್ತಿ ಬೇಕು. ಅದೇ ನೀರನ್ನು ಹತ್ತಿಬಟ್ಟೆ ಬಿಟ್ಟಿಯಾಗಿ ಹೀರುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಣ ಬಟ್ಟೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ. ತಲೆ ಒರೆಸಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೆಷ್ಟೋ ಅಷ್ಟು ನೀರು ಬೆಂಕಿಯಿಲ್ಲದೆ ಹೋಯಿತು. ಬಟ್ಟೆ ಯಾವುದಾದರೂ ಆಗದು. ಅಂಗಡಿಯ ದಪ್ಪ, ಒರಟು ಟವೆಲ್ಲು ಕೂದಲನ್ನು ಸಿಕ್ಕಿಸಿಕೊಂಡು ಎಳೆಯುತ್ತದೆ. ಅಜ್ಜಿಯ ಹಳೆಯ ನೂಲಿನ ಸೀರೆಯ ತುಂಡು, ತೆಳುವಾದ ಪಾಣಿಪಂಚೆ, ಒಗೆದೊಗೆದು ಮೆತ್ತಗಾದ ಪಂಚೆ, ಇವೇ ಉತ್ತಮ. ಮೊದಲು ಕೂದಲನ್ನು ಅಂಗೈಯಲ್ಲಿ ಹಿಡಿದು ಬುಡದಿಂದ ತುದಿಗೆ ಮೃದುವಾಗಿ ಒತ್ತಿ ನೀರಿಳಿಸಬೇಕು. ಹಿಂಡಬಾರದು, ತಿಕ್ಕಬಾರದು, ಬಡಿಯಬಾರದು. ಆಮೇಲೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಹತ್ತು ಹದಿನೈದು ನಿಮಿಷ ಬಿಡಬೇಕು. ಬಟ್ಟೆ ತೊಯ್ದರೆ ಬದಲಿಸಬೇಕು. ಅದನ್ನೇ ತಲೆಯ ಮೇಲೆ ಅರ್ಧ ದಿನ ಕಟ್ಟಿಕೊಂಡು ಅಡಿಗೆ ಮಾಡುತ್ತಾ ತಿರುಗಿದರೆ ಒದ್ದೆ ಜಡೆಗೂ ಅದಕ್ಕೂ ವ್ಯತ್ಯಾಸವಿಲ್ಲ.

ಆಮೇಲೆ ಗಾಳಿ. ನೀರು ಬೇಗ ಆರಬೇಕಾದರೆ ಹರವು ಹೆಚ್ಚಿರಬೇಕು, ಗಾಳಿ ಚಲಿಸುತ್ತಿರಬೇಕು. ಕಣದಲ್ಲಿ ರಾಗಿ ಹರವುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೂದಲನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ, ಜಗುಲಿಯ ನೆರಳಿನಲ್ಲೋ ಹೊಂಗೆಯ ಮರದಡಿಯಲ್ಲೋ ಕೂರಬೇಕು. ಮಂಜು ಕವಿದ ದಿನ ಗಾಳಿಯಲ್ಲೇ ತೇವವಿರುವುದರಿಂದ ಆರುವುದು ತಡ. ಅಂಥ ದಿನ ಫ್ಯಾನಿನ ಕೆಳಗೆ ಕೂರಿ. 75 ವಾಟ್ಸಿನ ಫ್ಯಾನು ಅರ್ಧ ಗಂಟೆ ತಿರುಗಿದರೂ 0.04 ಯೂನಿಟ್ ಕೂಡ ಆಗದು. ಬಿಸಿಗಾಳಿ ಯಂತ್ರದ ಆರನೆಯ ಒಂದು ಭಾಗವೂ ಅಲ್ಲ. ಪುಸ್ತಕ ಹಿಡಿದು ಕೂತರೆ ಓದೂ ಆಗುತ್ತದೆ.

ಮುಕ್ಕಾಲು ಭಾಗ ಆರಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ, ಸಿಕ್ಕು ಬಿಡಿಸುತ್ತಾ ಮೇಲಕ್ಕೆ ಬರಬೇಕು. ಪೂರ್ತಿ ಆರಿದ ಮೇಲೆಯೇ ಜಡೆ, ಅದೂ ಬುಡದಲ್ಲಿ ಸಡಿಲವಾಗಿ.

ಪರೀಕ್ಷೆಯ ದಿನ, ಜ್ವರ ಬಿಟ್ಟು ಎದ್ದ ದಿನ, ಮಳೆಯ ದಿನ, ಗೌರಿಬಿದನೂರಿನಿಂದ ಬೆಳಗಿನ ರೈಲು ಹಿಡಿಯಬೇಕಾದ ದಿನ ಯಂತ್ರವೇ ಬೇಕಾಯಿತೆನ್ನಿ. ಬಳಸಿ, ಅಪರಾಧಿಭಾವ ಬೇಡ. ಆದರೆ ಬಟ್ಟೆಯ ಕೆಲಸ ಮುಗಿದ ಮೇಲೆ ಬಳಸಿ, ಕಡಿಮೆ ಶಾಖದಲ್ಲಿ ಬಳಸಿ, ಒಂದು ಗೇಣು ದೂರದಲ್ಲಿ ಹಿಡಿದು ಕೈಯಾಡಿಸುತ್ತಿರಿ. ಬುಡ ಆರಿದೊಡನೆ ನಿಲ್ಲಿಸಿ, ತುದಿಯನ್ನು ಗಾಳಿಗೆ ಬಿಡಿ. ಹತ್ತು ನಿಮಿಷದ ಕೆಲಸ ಮೂರು ನಿಮಿಷಕ್ಕೆ ಇಳಿಯುತ್ತದೆ. ಹಾಸ್ಟೆಲಿನಲ್ಲಿ ಹತ್ತು ಹುಡುಗಿಯರಿಗೆ ಹತ್ತು ಯಂತ್ರ ಬೇಕಿಲ್ಲ, ಒಂದು ಸಾಕು.

ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚುವ ರೂಢಿಯನ್ನು ಬಿಡಬೇಡಿ. ತೆಂಗಿನೆಣ್ಣೆ ಕೂದಲಿನೊಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಹೋಲಿಕೆಗೆ ತೆಗೆದುಕೊಂಡಿದ್ದ ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆಗಳಿಗೆ ಆ ಗುಣ ಕಾಣಲಿಲ್ಲ. ಆ ಸಂಶೋಧಕರಿಗೆ ತೆಂಗಿನೆಣ್ಣೆ ಉದ್ಯಮದ ನಂಟಿತ್ತು ಎಂಬುದನ್ನೂ ಓದುಗರು ನೆನಪಿನಲ್ಲಿಡಲಿ. ಅಗ್ಗದ 'ಹೇರ್ ಆಯಿಲ್' ಬಾಟಲಿಯ ಹಿಂಬದಿಯನ್ನು ಓದಿ ನೋಡಿ. ಎಷ್ಟೋ ಕಡೆ ಒಳಗಿರುವುದು ಬಹುಪಾಲು ಖನಿಜ ಎಣ್ಣೆ.

ಬೇಲಿಯಲ್ಲಿ ಸೀಗೆ, ಗೋಮಾಳದಲ್ಲಿ ಅಂಟುವಾಳ

ತೊಳೆಯುವ ವಸ್ತುವಿನ ಬಗ್ಗೆಯೂ ಒಂದು ಮಾತು. ಚಿಂತಾಮಣಿಯ ತೆಲುಗು ಮಾತಿನ ಮನೆಗಳಲ್ಲಿ ಕುಂಕುಡುಕಾಯಿ ಎನ್ನುವ ಅಂಟುವಾಳ, ಹಾಗೂ ಸೀಗೆ, ಇವೆರಡರ ನೊರೆಗೆ ಕಾರಣ ಸಪೋನಿನ್ ಎಂಬ ಪದಾರ್ಥ. ಸೋಪಿನಂತೆ ಇವು ಗಡಸು ನೀರಿನಲ್ಲಿ ಒಡೆಯುವುದಿಲ್ಲ. ಅಂಟುವಾಳ ಮರ, ಸೀಗೆ ಮುಳ್ಳುಬಳ್ಳಿ. ಒಂದು ಕಾಲಕ್ಕೆ ಬೇಲಿಯಲ್ಲೂ ಬೆಟ್ಟದ ಬುಡದಲ್ಲೂ ಇದ್ದ ಇವನ್ನು ಈಗ ಅಂಗಡಿಯ ಪೊಟ್ಟಣದಲ್ಲಿ ಹುಡುಕುತ್ತೇವೆ. ನಮ್ಮ ಗೋಮಾಳಗಳಲ್ಲಿ ಸಾಲುಸಾಲಾಗಿ ನಿಂತದ್ದು ನೀಲಗಿರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸೀಗೆ, ಅಂಟುವಾಳ, ನೆಲ್ಲಿ, ಜೇನುಗಳನ್ನು ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರಿ ಬದುಕಿದವರು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. ಒಂದು ಹಿಡಿ ಸೀಗೆಪುಡಿಯ ಹಿಂದೆ ಅಂಥ ಜನರ ಬಾಳಿದೆ. ಪ್ಲಾಸ್ಟಿಕ್ ಸ್ಯಾಷೆಯ ಹಿಂದೆ ಬೆಟ್ಟದ ದಾರಿಯಲ್ಲಿ ಬಿದ್ದಿರುವ ಕಸ ಮಾತ್ರ ಇದೆ.

ಎಚ್ಚರಿಕೆಯೂ ಬೇಕು. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಸಪೋನಿನ್ ಮೀನಿಗೆ ವಿಷ. 'ನೈಸರ್ಗಿಕ' ಎಂಬ ಧೈರ್ಯದಲ್ಲಿ ಕೆರೆ, ಕುಂಟೆಗಳಲ್ಲಿ ತಲೆ ತೊಳೆಯಬಾರದು. ಬಚ್ಚಲಿನ ನೀರು ಬಾಳೆಯ ಬುಡಕ್ಕೆ ಹೋಗಲಿ.

ತಲೆಯ ಹೊರಗಲ್ಲ, ತಟ್ಟೆಯೊಳಗೆ

ಇಷ್ಟೆಲ್ಲ ಮಾಡಿದರೂ ಬುಡದಿಂದಲೇ ಕೂದಲು ಉದುರುತ್ತಿದ್ದರೆ ಬಟ್ಟೆಯೂ ಗಾಳಿಯೂ ಉತ್ತರವಲ್ಲ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಅದನ್ನು ಮೀರಿದರೆ ರಕ್ತ ಪರೀಕ್ಷೆ ಮಾಡಿಸಬೇಕು. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಕಬ್ಬಿಣದ ಕೊರತೆಯಿಂದ ಮೈಯಷ್ಟೇ ಅಲ್ಲ, ಕೂದಲೂ ಸೊರಗಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ. ರಾಗಿಮುದ್ದೆ, ಮಸ್ಸೊಪ್ಪು, ಹುರುಳಿ, ಅವರೆಕಾಳು ನಮ್ಮ ಸೀಮೆಯ ಊಟ. ಅದನ್ನು ಮೊದಲು ಬಡಿಸಿಕೊಳ್ಳುವ ಹಕ್ಕು ಮನೆಯ ಹೆಣ್ಣುಮಕ್ಕಳಿಗೂ ಇದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ತಾಯಂದಿರ ಜಡೆ ತೆಳ್ಳಗಾದರೆ ಅದಕ್ಕೆ ಎಣ್ಣೆಯ ಅಂಗಡಿಯಲ್ಲಿ ಮದ್ದಿಲ್ಲ.

ಹೊತ್ತು ಯಾರದು?

ಕೊನೆಗೆ ಮುಖ್ಯವಾದ ಮಾತು. ಬಟ್ಟೆ, ಗಾಳಿ, ನೆರಳು, ಇವು ಯಾವುದಕ್ಕೂ ಹಣ ಬೇಡ. ಬೇಕಾದದ್ದು ಒಂದು ಗಂಟೆಯ ಹೊತ್ತು. ನಮ್ಮ ಹೆಣ್ಣುಮಕ್ಕಳ ಬಳಿ ಇಲ್ಲದ್ದು ಅದೇ. ಬೆಳಗ್ಗೆ ಕಸ ಗುಡಿಸಿ, ನೀರು ಹಿಡಿದು, ಹುಳುಮನೆಗೆ ಸೊಪ್ಪು ಹಾಕಿ, ಹಾಲು ಡೇರಿಗೆ ಕೊಟ್ಟು, ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವ ಹುಡುಗಿಗೆ ನೆರಳಿನಲ್ಲಿ ಕೂದಲು ಹರವಿ ಕೂರು ಎಂದು ಉಪದೇಶ ಮಾಡುವುದು ಸುಲಭ. ಅದೇ ಹೊತ್ತಿನಲ್ಲಿ ಅವಳ ಅಣ್ಣ ಇನ್ನೂ ಮಲಗಿರುತ್ತಾನೆ. ಯಂತ್ರ ಮಾರುವವರು ಮಾರುತ್ತಿರುವುದು ಬಿಸಿಗಾಳಿಯನ್ನಲ್ಲ, ಮನೆ ಅವಳಿಂದ ಕಿತ್ತುಕೊಂಡ ಹೊತ್ತನ್ನು.

ಆದ್ದರಿಂದ ನಮ್ಮ ಬಳಗದ ಮುಂದೆ, ಓದುಗರ ಮುಂದೆ ನಾಲ್ಕು ಕೋರಿಕೆಗಳನ್ನು ಇಡುತ್ತೇನೆ. ತಲೆಸ್ನಾನ ಶಾಲೆಯ ದಿನದ ಮುಂಜಾವಿಗೆ ಬೇಡ. ಶನಿವಾರ ಮಧ್ಯಾಹ್ನವೋ ಭಾನುವಾರವೋ ಆಗಲಿ, ಮಂಗಳವಾರ ಶುಕ್ರವಾರಗಳ ಪದ್ಧತಿಯಿರುವ ಮನೆಗಳಲ್ಲಿ ಹಿಂದಿನ ಸಂಜೆಗೆ ಸರಿಯಲಿ. ಶಾಲೆಯವರು ತೇವದ ತಲೆಯಲ್ಲಿ ಬಂದ ಮಗುವಿಗೆ ಮೊದಲ ಪಿರಿಯಡ್ಡಿನವರೆಗಾದರೂ ಕೂದಲು ಬಿಡಲು ಅವಕಾಶ ಕೊಡಲಿ. ಬಿಗಿ ಜಡೆ ಶಿಸ್ತಿನ ಗುರುತಲ್ಲ. ಬೆಳಗಿನ ಮನೆಗೆಲಸದಲ್ಲಿ ಗಂಡುಮಕ್ಕಳು ಅರ್ಧ ಪಾಲು ಹೊರಲಿ. ಮುಂದಿನ ಮಳೆಗಾಲದಲ್ಲಿ ಪ್ರತಿ ಊರಿನ ಶಾಲೆಯ ಬೇಲಿಗೆ ಎರಡು ಸೀಗೆಬಳ್ಳಿ, ಗೋಮಾಳದಲ್ಲಿ ಐದು ಅಂಟುವಾಳದ ಸಸಿ ನೆಡೋಣ.

ನನ್ನ ತಂಗಿಯ ಮಗಳು ಯಂತ್ರ ಕೊಳ್ಳಲಿಲ್ಲ, ಕೂದಲನ್ನೂ ಕತ್ತರಿಸಲಿಲ್ಲ. ಕತ್ತರಿಸಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ. ಗಿಡ್ಡ ಕೂದಲು ಬೇಗ ಆರುತ್ತದೆ, ತಲೆ ಅವಳದು. ಅವಳು ನನ್ನ ಅತ್ತೆಯವರ ಹಳೆಯ ನೂಲಿನ ಸೀರೆಯ ಒಂದು ತುಂಡನ್ನು ಕೇಳಿ ಒಯ್ದಳು. ಸ್ನಾನವನ್ನು ಶನಿವಾರ ಮಧ್ಯಾಹ್ನಕ್ಕೆ ಬದಲಿಸಿಕೊಂಡಳು. ಆ ಹೊತ್ತಿಗೆ ಹುಳುಮನೆಗೆ ಸೊಪ್ಪು ಹಾಕುವವನು ಈಗ ಅವಳ ತಮ್ಮ. ಮೊನ್ನೆ ಬಂದಾಗ, "ದೊಡ್ಡಮ್ಮ, ಉದ್ದ ಎಷ್ಟು ಬಂತೋ ಗೊತ್ತಿಲ್ಲ, ತುಂಡಾಗೋದು ಮಾತ್ರ ಕಡಿಮೆಯಾಗಿದೆ" ಎಂದಳು. ಆಮೇಲೆ ನಗುತ್ತಾ ಸೇರಿಸಿದಳು: "ಆ ಒಂದು ಗಂಟೆ ಸುಮ್ಮನೆ ಕೂರೋದಕ್ಕೆ ಸಿಗುತ್ತಲ್ಲ, ಅದೇ ಹೆಚ್ಚು."